ಉಳಿಗೊಂದು ಚೆಂದದ ಹಿಡಿ: ಲೇತ್‌ನಲ್ಲಿ ಮರ ಕಡೆಯುವಾಗ ಏನೇನು ನಡೆಯುತ್ತದೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅರ ಕೇಳಿದರೆ ಬರೀ ಉಕ್ಕಿನ ತುಂಡು ಕೈಗೆ ಬರುತ್ತದೆ. ಒಂದು ತುದಿಯಲ್ಲಿ ಚೂಪಾದ ಬಾಲ ಇರುತ್ತದೆ, ಅಷ್ಟೇ. ಹಿಡಿ ಬೇಕಿದ್ದರೆ ಬೇರೆ ಕೊಳ್ಳಬೇಕು, ಇಲ್ಲವೇ ಮಾಡಿಕೊಳ್ಳಬೇಕು. ಮರಗೆಲಸದ ಉಳಿಯೂ ಎಷ್ಟೋ ಕಡೆ ಅಲಗು ಮಾತ್ರ ಸಿಗುತ್ತದೆ. ಗುಜರಿಗೆ ಬರುವ ಹಳೆಯ ಉಳಿಗಳಲ್ಲಿ ಬಹಳಷ್ಟಕ್ಕೆ ಹಿಡಿ ಒಡೆದಿರುತ್ತದೆ, ಉಕ್ಕು ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಒಂದು ಒಳ್ಳೆಯ ಹಿಡಿ ಹಾಕಿದರೆ ಅದು ಇನ್ನೊಂದು ತಲೆಮಾರು ಕೆಲಸ ಮಾಡುತ್ತದೆ.

ಆ ಹಿಡಿಯನ್ನು ಲೇತ್‌ನಲ್ಲಿ, ಅಂದರೆ ಮರವನ್ನು ತಿರುಗಿಸುವ ಯಂತ್ರದಲ್ಲಿ, ಕಡೆಯುವುದು ನೋಡಲು ಬಲು ಸುಲಭ. ಮರ ತಿರುಗುತ್ತದೆ, ಕಡೆಯುವ ಉಳಿ ತಾಗಿಸಿದರೆ ಹೊಟ್ಟು ಹಾರುತ್ತದೆ, ನೋಡನೋಡುತ್ತಾ ಮಣಿ ಮಣಿಯಾಗಿ ಆಕಾರ ಮೂಡುತ್ತದೆ. ಒಳಗೆ ನಡೆಯುವುದು ಅಷ್ಟು ಸರಳವಲ್ಲ. ಮರ ಯಾಕೆ ಸೀಳುತ್ತದೆ, ಉಳಿ ಇದ್ದಕ್ಕಿದ್ದಂತೆ ಯಾಕೆ ಕಚ್ಚಿಕೊಳ್ಳುತ್ತದೆ, ಹಿಡಿಯ ಮೂತಿಗೆ ತೊಡಿಸುವ ತಾಮ್ರದ ಬಳೆ ಯಾಕೆ ಬೇಕು, ತೂತು ಮೊದಲೋ ಆಕಾರ ಮೊದಲೋ? ಇವು ಗೊತ್ತಾದರೆ ಕೈ ಧೈರ್ಯವಾಗಿ ಕೆಲಸ ಮಾಡುತ್ತದೆ. ಅಲಂಕಾರದ ವಿಷಯದಲ್ಲಿ ನಾನು ನಂಬಿರುವುದು ಇದು: ಗೆರೆ ಎಲ್ಲಿ ಬರಬೇಕು, ಬಣ್ಣ ಎಲ್ಲಿ ಕೂರಬೇಕು ಅನ್ನುವುದನ್ನು ಮರದ ನಾರು, ಉಳಿಯ ಬಾಲ, ಹಿಡಿಯುವ ಕೈ ಸೇರಿ ಮೊದಲೇ ತೀರ್ಮಾನ ಮಾಡಿರುತ್ತವೆ. ಅವು ಬೇಡ ಅಂದ ಕಡೆ ಹಾಕಿದ ಅಲಂಕಾರ ಕೈಗೆ ಚುಚ್ಚುತ್ತದೆ, ಇಲ್ಲ ಮರವನ್ನು ಒಡೆಯುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು, ಅದಕ್ಕೆ ಒಂದು ಉಳಿಯನ್ನೇ ಇಟ್ಟುಕೊಳ್ಳೋಣ. ಅರ್ಧ ಇಂಚಿನ ಉಳಿ. ಅದರ ಬಾಲ ಚೌಕ, 60 ಮಿ.ಮೀ. ಉದ್ದ, ಬುಡದಲ್ಲಿ 8 ಮಿ.ಮೀ., ತುದಿಯಲ್ಲಿ 4 ಮಿ.ಮೀ. ಹಿಡಿ 130 ಮಿ.ಮೀ. ಉದ್ದ, ತುಂಬ ದಪ್ಪ ಇರುವ ಕಡೆ 30 ಮಿ.ಮೀ. ಇರಲಿ.

ಮೊದಲು ಮರ

ಮರ ಅಂದರೆ ಉದ್ದುದ್ದ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಅದಕ್ಕೆ ಬಲ ಜಾಸ್ತಿ. ನಾರಿಗೂ ನಾರಿಗೂ ನಡುವಿನ ಅಂಟು ಅಷ್ಟು ಗಟ್ಟಿ ಇಲ್ಲ. ಆದ್ದರಿಂದಲೇ ಸೌದೆ ಉದ್ದಕ್ಕೆ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ. ಹಿಡಿಯಲ್ಲಿ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಓಡಬೇಕು. ನಡುವೆ ಓರೆಯಾಗಿ ಪಕ್ಕಕ್ಕೆ ಹೊರಟರೆ ಕೊಡತಿಯ ಏಟು ಬಿದ್ದಾಗ ಮರ ಆ ಓರೆಯಲ್ಲೇ ಜಾರಿ ಸೀಳುತ್ತದೆ. ಹಲಗೆಯನ್ನು ಗರಗಸದಿಂದ ಕೊಯ್ದಾಗ ನಾರು ಎತ್ತ ಹೋಗಿದೆ ಅನ್ನುವುದು ಸುಲಭವಾಗಿ ಕಾಣುವುದಿಲ್ಲ. ಮರದ ತುಂಡನ್ನು ಮಚ್ಚಿನಿಂದ ಸೀಳಿದರೆ ಮರ ತನ್ನ ನಾರಿನ ದಾರಿಯನ್ನು ತಾನೇ ತೋರಿಸುತ್ತದೆ. ಕೊಡಲಿಗೆ ಕಾವು ಮಾಡುವವರು ಹೀಗೆ ಸೀಳಿದ ಮರವನ್ನೇ ಹುಡುಕುವುದು ಸುಮ್ನೆ ಅಲ್ಲ.

ಯಾವ ಮರ? ಕೊಡತಿಯಿಂದ ಹೊಡೆಸಿಕೊಳ್ಳುವ ಉಳಿಗೆ ಗಟ್ಟಿ ಮರವೇ ಬೇಕು. ಕರಿಜಾಲಿ ಒಳ್ಳೆಯದು. ದಿಂಡಿಗ ಇನ್ನೂ ಒಳ್ಳೆಯದು, ಗಾಡಿಯ ಅಚ್ಚಿಗೆ, ಕೊಡಲಿ ಕಾವಿಗೆ ಹೆಸರಾದ ಮರ ಅದು. ಹುಣಸೆಯ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕಬ್ಬಿಣದಂತಿರುತ್ತದೆ, ಆದರೆ ನಾರು ಸುರುಳಿ ಸುತ್ತಿರುವುದು ಜಾಸ್ತಿ, ನೋಡಿ ಆರಿಸಬೇಕು. ಬೀಟೆಯ ತುಂಡು ಹಳೆಯ ಪೀಠೋಪಕರಣ ಬಿಚ್ಚಿದಾಗ ಸಿಕ್ಕರೆ ಅದೃಷ್ಟ. ಕಡೆದ ಮೇಲೆ ಅದರ ಕಪ್ಪು ನೇರಳೆ ಗೆರೆಗಳಿಗೆ ಬೇರೆ ಅಲಂಕಾರವೇ ಬೇಡ. ಬೀಟೆಯ ಧೂಳು ಮಾತ್ರ ಕೆಲವರಿಗೆ ಚರ್ಮಕ್ಕೆ, ಮೂಗಿಗೆ ಆಗಿಬರುವುದಿಲ್ಲ. ಮಾಸ್ಕ್ ಹಾಕಿಕೊಂಡೇ ಕಡೆಯಬೇಕು. ತೇಗ ನೋಡಲು ಚೆಂದ, ಕಡೆಯಲೂ ಸಲೀಸು, ಆದರೆ ಸುಲಭವಾಗಿ ಸೀಳುತ್ತದೆ. ಏಟು ತಿನ್ನದ ಅರಕ್ಕೆ, ಸ್ಕ್ರೂ ಡ್ರೈವರಿಗೆ ತೇಗ ಸಾಕು.

ಮರ ಒಣಗಿರಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಕಾರಣವನ್ನು ಕಡಿಮೆ ಜನ ಹೇಳುತ್ತಾರೆ. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು. ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ಅಡ್ಡಕ್ಕೂ ಎಲ್ಲ ಕಡೆ ಒಂದೇ ಸಮ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಾಗಾಗಿ ಹಸಿ ಮರದಲ್ಲಿ ಗುಂಡಗೆ ಕಡೆದ ಹಿಡಿ ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹಿಡಿಯುವುದಕ್ಕೆ ಅದರಿಂದ ತೊಂದರೆ ಇಲ್ಲ. ತೊಂದರೆ ಇರುವುದು ಬಳೆಗೆ. ಬಳೆ ಗುಂಡಗೇ ಉಳಿಯುತ್ತದೆ, ಒಳಗಿನ ಮರ ಕುಗ್ಗುತ್ತದೆ, ಬಳೆ ಕಳಚಿ ಬೀಳುತ್ತದೆ. ನೆರಳಲ್ಲಿ ಗಾಳಿಯಾಡುವ ಕಡೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಅನ್ನುವುದು ಮರಗೆಲಸದ ಹಳೆಯ ಲೆಕ್ಕ. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದಿಟ್ಟರೆ ಬಿರುಕು ಕಡಿಮೆ, ಯಾಕೆಂದರೆ ಮರ ತುದಿಗಳಿಂದಲೇ ಬೇಗ ನೀರು ಕಳೆದುಕೊಳ್ಳುವುದು.

ತೂತು ಮೊದಲು, ಆಕಾರ ಆಮೇಲೆ

ಹೊಸಬರು ಸಾಮಾನ್ಯವಾಗಿ ಮೊದಲು ಚೆಂದದ ಹಿಡಿ ಕಡೆದು, ಕೊನೆಗೆ ಅದರ ಮೂತಿಗೆ ತೂತು ಕೊರೆಯಲು ಕೂರುತ್ತಾರೆ. ಡ್ರಿಲ್ ಬಿಟ್ ಉದ್ದ ಹೋದಷ್ಟೂ ಮೆತ್ತಗಿನ ನಾರಿನ ಕಡೆ ವಾಲುತ್ತದೆ. 60 ಮಿ.ಮೀ. ಆಳದಲ್ಲಿ 2 ಮಿ.ಮೀ. ವಾಲಿದರೂ ಸಾಕು, ಉಳಿ ಹಿಡಿಗೆ ಸೊಟ್ಟಗೆ ಕೂರುತ್ತದೆ. ಹಿಡಿ ಎಷ್ಟೇ ಚೆಂದ ಇರಲಿ, ಸೊಟ್ಟ ಕೂತ ಉಳಿ ಕಣ್ಣಿಗೆ ಹೊಡೆಯುತ್ತದೆ, ಕೆಲಸದಲ್ಲೂ ಮುಂಗೈಗೆ ನೋವು ತರುತ್ತದೆ.

ಕೆಲಸವನ್ನು ತಿರುಗಿಸಿ ಹಾಕಿದರೆ ಈ ತಾಪತ್ರಯ ಇಲ್ಲ. ಮೊದಲು ತೂತು ಕೊರೆಯಿರಿ, ಆಮೇಲೆ ಆ ತೂತನ್ನೇ ನಡು ಮಾಡಿಕೊಂಡು ಹೊರಗಿನ ಆಕಾರ ಕಡೆಯಿರಿ. 40 ಮಿ.ಮೀ. ಚೌಕದ, 180 ಮಿ.ಮೀ. ಉದ್ದದ ತುಂಡು ತೆಗೆದುಕೊಳ್ಳಿ. ತುದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವ ಕಡೆ ನಡು ಸಿಗುತ್ತದೆ. ಅಲ್ಲಿ 6.5 ಮಿ.ಮೀ. ಬಿಟ್‌ನಿಂದ 60 ಮಿ.ಮೀ. ಆಳ ಕೊರೆಯಿರಿ. ಅದೇ ತೂತಿನ ಮೊದಲ 30 ಮಿ.ಮೀ. ಭಾಗವನ್ನು 9 ಮಿ.ಮೀ. ಬಿಟ್‌ನಿಂದ ಅಗಲ ಮಾಡಿ. ಬಾಲ ತುದಿಗೆ ಸಣ್ಣಗಾಗುತ್ತಾ ಹೋಗುತ್ತದೆ, ಅದಕ್ಕೆ ತಕ್ಕಂತೆ ತೂತಿಗೂ ಎರಡು ಮೆಟ್ಟಿಲು.

ಈ ಅಳತೆಗಳ ಹಿಂದೆ ಸಣ್ಣದೊಂದು ಲೆಕ್ಕವಿದೆ. ಬಾಲದ ಬುಡ 8 ಮಿ.ಮೀ. ಚೌಕ, ಆದರೆ ಮೂಲೆಯಿಂದ ಮೂಲೆಗೆ ಅದು ಸುಮಾರು 11.3 ಮಿ.ಮೀ. ತೂತು 9 ಮಿ.ಮೀ. ಗುಂಡು. ಹಾಗಾದರೆ ಚೌಕದ ಪಕ್ಕಗಳು ಸಲೀಸಾಗಿ ಒಳಗೆ ಹೋಗುತ್ತವೆ, ನಾಲ್ಕು ಮೂಲೆಗಳು ಮಾತ್ರ ಮರಕ್ಕೆ ಕಚ್ಚಿಕೊಳ್ಳುತ್ತವೆ. ಹಿಡಿಯೊಳಗೆ ಉಳಿ ಗಿರಗಿರ ತಿರುಗದಂತೆ ತಡೆಯುವುದು ಆ ಮೂಲೆಗಳೇ. ತೂತನ್ನು 11 ಮಿ.ಮೀ. ಮಾಡಿ ಅಂಟು ಸುರಿದರೂ ಕೂರುತ್ತದೆ, ನಿಜ. ಮರವೇ ಉಕ್ಕನ್ನು ಹಿಡಿದುಕೊಂಡರೆ ಆ ಹಿಡಿತ ಬೇರೆಯದೇ.

ತೂತಾದ ಮೇಲೆ ಅದರೊಳಗೆ ಅಳತೆಗೆ ಸರಿಯಾದ ಒಂದು ನೇರ ಸರಳು ತೂರಿಸಿ ದೂರದಿಂದ ನೋಡಿ. ತೂತು ಎತ್ತ ವಾಲಿದೆ ಅನ್ನುವುದು ಸರಳಿನ ವಾಲಿಕೆಯಲ್ಲಿ ಕಾಣುತ್ತದೆ. ಆ ಸರಳಿನ ಗೆರೆಯನ್ನೇ ಮರದ ಇನ್ನೊಂದು ತುದಿಯವರೆಗೆ ಎಳೆದುಕೊಂಡು ಅಲ್ಲಿ ನಡುವನ್ನು ಗುರುತು ಮಾಡಿ. ಅದು ಮೂಲೆ ಗೆರೆಗಳು ಕೂಡುವ ಜಾಗದಿಂದ ಸ್ವಲ್ಪ ಆಚೀಚೆ ಇದ್ದರೂ ಚಿಂತೆಯಿಲ್ಲ. ಮರ ಬೇಕಾದ್ದಕ್ಕಿಂತ ದಪ್ಪ ತೆಗೆದುಕೊಂಡಿರುವುದು ಇದಕ್ಕೂ ಸೇರಿಯೇ.

ಇನ್ನು ಲೇತ್‌ಗೆ ಏರಿಸುವುದು. ಎಡಗಡೆ ಹೆಡ್‌ಸ್ಟಾಕ್, ಮೋಟರಿನ ಬಲದಿಂದ ತಿರುಗುವುದು ಅದು. ಅದರ ನಾಲ್ಕು ಹಲ್ಲಿನ ಮೊನೆ ಮರದ ಬುಡಕ್ಕೆ ಕಚ್ಚಿಕೊಂಡು ಮರವನ್ನು ತಿರುಗಿಸುತ್ತದೆ. ಬಲಗಡೆ ಟೇಲ್‌ಸ್ಟಾಕ್. ಅದರಲ್ಲಿ ಬೇರಿಂಗ್ ಇರುವ ಶಂಕುವಿನ ಆಕಾರದ ಮೊನೆ ಹಾಕಿ ತೂತಿನ ಬಾಯಿಗೆ ಒತ್ತಿ. ಈಗ ತೂತೇ ಮರದ ನಡು. ಮುಂದೆ ಕಡೆಯುವುದೆಲ್ಲ ಅದರ ಸುತ್ತಲೇ ಬರುತ್ತದೆ.

ವೇಗ ಎಷ್ಟಿರಬೇಕು ಅನ್ನುವುದಕ್ಕೂ ಉತ್ತರ ಮರದ ದಪ್ಪದಲ್ಲಿದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಮೋಟರ್ ನಿಮಿಷಕ್ಕೆ ಸುಮಾರು 1440 ಸುತ್ತು ಹಾಕುತ್ತದೆ. ಮೋಟರಿಗೆ 2 ಇಂಚಿನ, ಲೇತ್‌ಗೆ 4 ಇಂಚಿನ ಪುಲ್ಲಿ ಹಾಕಿದರೆ ಮರ 720 ಸುತ್ತು ಹಾಕುತ್ತದೆ. ಎರಡೂ ಒಂದೇ ಅಳತೆಯದಾದರೆ 1440. ಪುಲ್ಲಿಗಳನ್ನು ಅದಲು ಬದಲು ಮಾಡಿ 4 ಮತ್ತು 2 ಹಾಕಿದರೆ 2880. ಚೌಕದ ಮರವನ್ನು ಗುಂಡು ಮಾಡುವಾಗ 720 ಸಾಕು. ಅಷ್ಟಕ್ಕೇ ಸೆಕೆಂಡಿಗೆ 12 ಸುತ್ತು, ಸುತ್ತಿಗೆ ನಾಲ್ಕು ಮೂಲೆ, ಅಂದರೆ ಸೆಕೆಂಡಿಗೆ 48 ಏಟು ನಿಮ್ಮ ಉಪಕರಣದ ಬಾಯಿಗೆ ಬೀಳುತ್ತಿರುತ್ತದೆ. ಮೂಲೆಗಳನ್ನು ಮೊದಲೇ ಹತ್ತರಿ ಹೊಡೆದು ಎಂಟು ಪಟ್ಟಿ ಮಾಡಿಕೊಂಡರೆ ಈ ಬಡಿತ ಬಹಳ ತಗ್ಗುತ್ತದೆ. ಮರ ಗುಂಡಗಾದ ಮೇಲೆ 1440ಕ್ಕೆ ಏರಿಸಿ. 35 ಮಿ.ಮೀ. ದಪ್ಪದ ಮರಕ್ಕೆ 2000 ಸುತ್ತಿನಲ್ಲಿ ಅದರ ಮೈ ನಿಮಿಷಕ್ಕೆ ಸುಮಾರು 220 ಮೀಟರ್ ಓಡುತ್ತದೆ. ಅದೇ ವೇಗದಲ್ಲಿ 100 ಮಿ.ಮೀ. ದಪ್ಪದ ಮರ ತಿರುಗಿಸಿದರೆ 628 ಮೀಟರ್. ದಪ್ಪ ಜಾಸ್ತಿಯಾದಂತೆ ಸುತ್ತು ಇಳಿಸಬೇಕು ಅನ್ನುವುದು ಇದಕ್ಕೇ.

ಸ್ವಿಚ್ ಒತ್ತುವ ಮುನ್ನ ಮರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಟೂಲ್ ರೆಸ್ಟ್‌ಗೆ, ಅಂದರೆ ಉಪಕರಣಕ್ಕೆ ಆಸರೆಯಾಗುವ ಪಟ್ಟಿಗೆ, ಎಲ್ಲೂ ತಾಗಬಾರದು. ಅಂಗಿಯ ತೋಳು, ಶಾಲು, ದುಪಟ್ಟಾ, ಬಿಟ್ಟ ಕೂದಲು, ಕೈಯ ಬಳೆ ಯಾವುದೂ ತಿರುಗುವ ಮರದ ಹತ್ತಿರ ಸುಳಿಯಬಾರದು. ಕೈಗವಸು ಹಾಕಲೇಬೇಡಿ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮುಖಕ್ಕೆ ಪೂರಾ ಮುಚ್ಚುವ ಶೀಲ್ಡ್ ಇರಲಿ. ಶುರು ಮಾಡುವಾಗ ಮರದ ಎದುರಿಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಉಪಕರಣ ಯಾಕೆ ಕಚ್ಚಿಕೊಳ್ಳುತ್ತದೆ

ಕಡೆಯುವ ಕೆಲಸದಲ್ಲಿ ಎಲ್ಲರಿಗೂ ಭಯ ಹುಟ್ಟಿಸುವುದು ಇದೊಂದೇ. ಚೆನ್ನಾಗಿ ಹೊಟ್ಟು ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಢಪ್ ಅಂತ ಸದ್ದು, ಕೈಗೆ ಜೋರಾದ ಏಟು, ಮರದ ಮೇಲೆ ಸುರುಳಿಯಾದ ಗಾಯ. ಇದಕ್ಕೆ ಕಾರಣ ಏನು ಅನ್ನುವುದನ್ನು ನಿಧಾನವಾಗಿ ನೋಡಬೇಕು.

ಗೌಜ್ ಅನ್ನುವುದು ಅರೆಕೊಳವೆಯಂತೆ ಬಾಗಿದ ಉಪಕರಣ. ಅದರ ಬಾಯಿಯ ಹಿಂದೆ ಮಸೆದ ಓರೆ ಮೈ ಇರುತ್ತದೆ. ತಿರುಗುವ ಮರ ಮೇಲಿನಿಂದ ಕೆಳಗೆ, ನಮ್ಮ ಕಡೆಗೆ ಬರುತ್ತಿರುತ್ತದೆ. ಬಾಯಿ ಮಾತ್ರ ಮರಕ್ಕೆ ತಾಗಿ, ಹಿಂದಿನ ಓರೆ ಮೈ ಗಾಳಿಯಲ್ಲಿದ್ದರೆ ಆಗುವುದೇನು? ಮರ ಬಾಯಿಯನ್ನು ಕೆಳಗೆ ಎಳೆಯುತ್ತದೆ. ಎಳೆದಂತೆ ಬಾಯಿ ಇನ್ನೂ ಆಳಕ್ಕೆ ಹೋಗುತ್ತದೆ. ಆಳಕ್ಕೆ ಹೋದಂತೆ ಎಳೆತ ಇನ್ನೂ ಜಾಸ್ತಿ. ಒಂದನ್ನೊಂದು ಹೆಚ್ಚಿಸುತ್ತಾ ಹೋಗುವ ಈ ಆಟ ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿದುಹೋಗುತ್ತದೆ. ನಾವು ಕೈ ಹಿಂದೆಳೆಯುವಷ್ಟು ಹೊತ್ತೂ ಸಿಗುವುದಿಲ್ಲ.

ಓರೆ ಮೈ ಮರದ ಮೇಲೆ ಒರಗಿಕೊಂಡಿದ್ದರೆ ಕಥೆ ಬೇರೆ. ಬಾಯಿ ಆಳಕ್ಕೆ ಇಳಿಯಲು ನೋಡಿದಾಗ ಓರೆ ಮೈ ಮರಕ್ಕೆ ಒತ್ತಿಕೊಂಡು ತಡೆಯುತ್ತದೆ. ಎಷ್ಟು ಕೊಯ್ಯಬೇಕು ಅನ್ನುವುದು ಮತ್ತೆ ನಮ್ಮ ಕೈಗೆ ಬರುತ್ತದೆ. ಹಾಗಾಗಿ ಕ್ರಮ ಹೀಗೆ. ಉಪಕರಣ ಮೊದಲು ಟೂಲ್ ರೆಸ್ಟ್‌ಗೆ ತಾಗಬೇಕು. ಆಮೇಲೆ ಅದರ ಓರೆ ಮೈ ಮರಕ್ಕೆ ಸವರಬೇಕು, ಆಗ ಹೊಟ್ಟು ಬರುವುದಿಲ್ಲ, ಬರೀ ಸವರುವ ಸದ್ದು ಬರುತ್ತದೆ. ಆಮೇಲೆ ಹಿಂಗೈಯನ್ನು ನಿಧಾನವಾಗಿ ಮೇಲೆತ್ತಿದರೆ ಬಾಯಿ ಮರಕ್ಕೆ ಇಳಿದು ಹೊಟ್ಟು ಶುರುವಾಗುತ್ತದೆ. ಈ ಮೂರು ಹೆಜ್ಜೆ ಕೈಗೆ ರೂಢಿಯಾಗುವವರೆಗೆ ಒಳ್ಳೆಯ ಮರ ಮುಟ್ಟಬೇಡಿ. ಸಿಲ್ವರ್ ಓಕ್, ಬೇವಿನ ಕೊಂಬೆ, ಏನಾದರೂ ಸಿಕ್ಕಿದ್ದನ್ನು ಕಡೆದು ಕಡೆದು ಬಿಸಾಡಿ. ಟೂಲ್ ರೆಸ್ಟ್ ಮರದಿಂದ ದೂರ ಇದ್ದಷ್ಟೂ ಕಚ್ಚಿದಾಗಿನ ಏಟು ಜೋರು. ಮರ ಸಣ್ಣಗಾದಂತೆ ಲೇತ್ ನಿಲ್ಲಿಸಿ ರೆಸ್ಟನ್ನು ಹತ್ತಿರ ತರುತ್ತಿರಿ.

ಇನ್ನೊಂದು ನಿಯಮ ನಾರಿಗೆ ಸೇರಿದ್ದು. ಯಾವಾಗಲೂ ದಪ್ಪ ಇರುವ ಕಡೆಯಿಂದ ಸಣ್ಣ ಇರುವ ಕಡೆಗೆ ಕಡೆಯಬೇಕು. ಪೆನ್ಸಿಲ್ ಕೆತ್ತುವಾಗ ದಪ್ಪದಿಂದ ಮೊನೆಯ ಕಡೆಗೆ ಬ್ಲೇಡ್ ಓಡಿಸುತ್ತೇವೆ ಅಲ್ವಾ? ಹಾಗೆ ಹೋದಾಗ ಪ್ರತಿ ನಾರಿನ ಕೆಳಗೂ ಇನ್ನೊಂದು ಉದ್ದ ನಾರು ಆಸರೆಗೆ ಇರುತ್ತದೆ, ಕೊಯ್ತ ನುಣುಪಾಗಿ ಬರುತ್ತದೆ. ಸಣ್ಣದರಿಂದ ದಪ್ಪದ ಕಡೆಗೆ ಏರಿದರೆ ಬಾಯಿ ನಾರಿನ ತುದಿಗಳಿಗೆ ಎದುರಾಗಿ ಅವುಗಳನ್ನು ಎಬ್ಬಿಸುತ್ತದೆ, ಮೈ ತರಿತರಿಯಾಗುತ್ತದೆ. ಮಣಿಯನ್ನು ಅದರ ನೆತ್ತಿಯಿಂದ ಎರಡೂ ಪಕ್ಕಕ್ಕೆ ಇಳಿಸುತ್ತಾ ಕಡೆಯಬೇಕು. ತಗ್ಗನ್ನು ಎರಡೂ ದಡಗಳಿಂದ ನಡುವಿಗೆ ಇಳಿಯುತ್ತಾ ಕಡೆಯಬೇಕು. ಎಷ್ಟೇ ಗೋಜಲಾದ ಆಕಾರ ಇರಲಿ, ಈ ಒಂದು ಮಾತು ಎಲ್ಲ ಕಡೆಗೂ ನಡೆಯುತ್ತದೆ.

ಬಳೆ, ಆಮೇಲೆ ಕೈಗೆ ತಕ್ಕ ಆಕಾರ

ಉಳಿಯ ಬಾಲ ಒಂದು ಬೆಣೆ. ಪ್ರತಿ ಏಟಿಗೂ ಅದು ಹಿಡಿಯ ಮೂತಿಯನ್ನು ಸೀಳಲು ನೋಡುತ್ತದೆ. ನಾರಿಗೂ ನಾರಿಗೂ ನಡುವಿನ ಅಂಟು ದುರ್ಬಲ ಅಂತ ಆಗಲೇ ನೋಡಿದೆವು. ಆ ಕೊರತೆಯನ್ನು ಲೋಹದ ಬಳೆ ತುಂಬುತ್ತದೆ. ಮರ ಹೊರಕ್ಕೆ ಹಿಗ್ಗಲು ನೋಡಿದಾಗ ಬಳೆ ಸುತ್ತಲೂ ಬಿಗಿಯಾಗಿ ತಡೆಯುತ್ತದೆ. ಎಸಿ ರಿಪೇರಿ ಮಾಡುವವರ ಹತ್ತಿರ ಮುಕ್ಕಾಲು ಇಂಚಿನ ತಾಮ್ರದ ಪೈಪ್ ತುಂಡು ಸಿಗುತ್ತದೆ. ಹೊರ ಅಳತೆ 19 ಮಿ.ಮೀ. ಇರುತ್ತದೆ. ಗೋಡೆ 1 ಮಿ.ಮೀ. ಇದ್ದರೆ ಒಳಗೆ 17. ಅದರಲ್ಲಿ 16 ಮಿ.ಮೀ. ಉದ್ದದ ಒಂದು ತುಂಡು ಕೊಯ್ದು, ಒಳ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿಟ್ಟುಕೊಳ್ಳಿ. ಒಳಗಿನ ಮರ 17, ನಡುವಿನ ತೂತು 9, ಅಂದರೆ ಸುತ್ತ 4 ಮಿ.ಮೀ. ಮರ ಉಳಿಯುತ್ತದೆ. ಬಳೆ ಇದ್ದರೆ ಅಷ್ಟು ಸಾಕು.

ಮರದ ಮೂತಿಯನ್ನು ಪಾರ್ಟಿಂಗ್ ಟೂಲ್‌ನಿಂದ (ನೇರವಾಗಿ ಒಳಕ್ಕೆ ಕೊಯ್ಯುವ ಸಪೂರ ಬಾಯಿಯ ಉಪಕರಣ) ಬಳೆಯ ಅಳತೆಗೆ ಇಳಿಸಿ. ಅಳೆಯುವಾಗೆಲ್ಲ ಲೇತ್ ನಿಂತಿರಲಿ. ಬಳೆ ಕೈಯಲ್ಲಿ ಸಲೀಸಾಗಿ ಹೋದರೆ ಮರ ಸಣ್ಣಗಾಯಿತು ಅಂತ ಅರ್ಥ. ಮೂತಿಯ ತುದಿ ಮಾತ್ರ ಒಳಗೆ ಹೋಗಿ ಆಮೇಲೆ ತಡೆಯಬೇಕು, ಮರದ ತುಂಡೊಂದನ್ನು ಮೇಲಿಟ್ಟು ಕೊಡತಿಯಿಂದ ಬಡಿದೇ ಕೂರಿಸಬೇಕು. ಆಮೇಲೆ ಮರವನ್ನು ಮತ್ತೆ ಲೇತ್‌ಗೆ ಏರಿಸಿ.

ಈಗ ಆಕಾರ. ಬಡಗಿ ಉಳಿಯನ್ನು ಎರಡು ಬಗೆಯಲ್ಲಿ ಹಿಡಿಯುತ್ತಾನೆ. ಹೊಡೆಯುವಾಗ ಮುಷ್ಟಿ ಹಿಡಿಯ ನಡುವಿನಲ್ಲಿರುತ್ತದೆ. ಕೈಯಿಂದಲೇ ತಳ್ಳಿ ಸವರುವಾಗ ಬುಡ ಅಂಗೈಯಲ್ಲಿ ಕೂರುತ್ತದೆ, ಹೆಬ್ಬೆರಳು ತೋರುಬೆರಳು ಬಳೆಯ ಹತ್ತಿರಕ್ಕೆ ಬರುತ್ತವೆ. ಹಾಗಾಗಿ ಬಳೆಯ ಹಿಂದೆ ಸ್ವಲ್ಪ ತಗ್ಗು ಇರಬೇಕು, ನಡುವೆ ಮೆಲ್ಲನೆ ಉಬ್ಬಬೇಕು, ಬುಡದಲ್ಲಿ ಗುಮ್ಮಟದಂತೆ ಗುಂಡಗಿರಬೇಕು. ಬುಡ ಗುಂಡಗಿದ್ದರೆ ಕೊಡತಿಯ ಏಟು ನಡುವಿಗೆ ಬೀಳುತ್ತದೆ. ಚಪ್ಪಟೆ ಬುಡದಲ್ಲಿ ಏಟು ಅಂಚಿಗೆ ಬಿದ್ದು ಚಕ್ಕೆ ಏಳುತ್ತದೆ.

ಅಲಂಕಾರಕ್ಕೆ ಉಳಿದ ಜಾಗ ಈಗ ತಾನಾಗಿ ಕಾಣುತ್ತದೆ. ಬಳೆಯ ಹಿಂದಿನ ಬೆರಳಗಲ, ಬುಡದ ಗುಮ್ಮಟಕ್ಕೆ ಮುಂಚಿನ ಬೆರಳಗಲ. ನಡುವೆ ಕೈ ಒತ್ತುವ ಕಡೆ ಎದ್ದ ಮಣಿ ಬೇಡ. ಚೂಪು ಅಂಚಿನ ಮಣಿ ಅಂಗೈಯಲ್ಲಿ ಅರ್ಧ ದಿನಕ್ಕೇ ಬೊಬ್ಬೆ ಎಬ್ಬಿಸುತ್ತದೆ. ಇನ್ನೊಂದು ಎಚ್ಚರಿಕೆ ಬಲದ್ದು. ಬಾಲದ ತುದಿ ಮರದೊಳಗೆ 60 ಮಿ.ಮೀ. ಆಳದಲ್ಲಿ ಮುಗಿಯುತ್ತದೆ. ಆ ಜಾಗದಲ್ಲಿ ಹೊರಗಿನಿಂದ ಆಳವಾದ ಗೀರು ಹಾಕಿದರೆ ಹಿಡಿ ಮುರಿಯುವ ಜಾಗವನ್ನು ನಾವೇ ಗುರುತು ಮಾಡಿ ಕೊಟ್ಟಂತೆ.

ಸುಟ್ಟ ಗೆರೆ ಎಲ್ಲಕ್ಕಿಂತ ಅಗ್ಗದ, ನನಗೆ ಬಲು ಇಷ್ಟದ ಅಲಂಕಾರ. ಓರೆ ಬಾಯಿಯ ಸ್ಕ್ಯೂ ಉಪಕರಣದ ಮೊನೆಯಿಂದ ಸಣ್ಣ ಗೀರು ಹಾಕಿ. ಸಣ್ಣ ಉಕ್ಕಿನ ತಂತಿಯ ಎರಡೂ ತುದಿಗೆ ಮರದ ಕಡ್ಡಿ ಕಟ್ಟಿ, ಕಡ್ಡಿ ಹಿಡಿದು ತಂತಿಯನ್ನು ತಿರುಗುವ ಗೀರಿಗೆ ಒತ್ತಿ. ಉಜ್ಜುವ ಶಾಖಕ್ಕೆ ಹೊಗೆ ಎದ್ದು ಕಪ್ಪು ಗೆರೆ ಮೂಡುತ್ತದೆ. ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಅದು ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ.

ಬೇರೆ ಬೇರೆ ಬಣ್ಣದ ಮರಗಳನ್ನು ಪದರ ಪದರವಾಗಿ ಅಂಟಿಸಿ ಕಡೆಯುವುದು ಇನ್ನೊಂದು ದಾರಿ. ಬೀಟೆಯ ನಡುವೆ ತಿಳಿ ಬಣ್ಣದ 3 ಮಿ.ಮೀ. ಪಟ್ಟಿ ಇಟ್ಟು ಉದ್ದಕ್ಕೆ ಅಂಟಿಸಿ ಒಂದು ದಿನ ಬಿಗಿಯಾಗಿ ಒತ್ತಿಡಿ. ಕಡೆದಾಗ ಆ ನೇರ ಪಟ್ಟಿ ಬಳುಕುವ ಗೆರೆಯಾಗಿ, ಕೆಲವು ಕಡೆ ಕಣ್ಣಿನ ಆಕಾರವಾಗಿ ಹೊರಬರುತ್ತದೆ. ಚಪ್ಪಟೆ ಪದರಗಳನ್ನು ಉಬ್ಬು ತಗ್ಗಿನ ಮೈ ಅಡ್ಡ ಕೊಯ್ದಾಗ ಒಂದೊಂದು ಎತ್ತರದಲ್ಲಿ ಒಂದೊಂದು ಪದರ ತೆರೆದುಕೊಳ್ಳುವುದರಿಂದ ಹೀಗಾಗುತ್ತದೆ. ಎಲ್ಲ ಪಟ್ಟಿಗಳ ನಾರೂ ಒಂದೇ ದಿಕ್ಕಿಗೆ, ಹಿಡಿಯ ಉದ್ದಕ್ಕೆ ಇರಬೇಕು. ತುಂಡುಗಳನ್ನು ತುದಿಗೆ ತುದಿ ಅಂಟಿಸಿದ ಹಿಡಿ ನೋಡಲು ಚೆಂದ, ಆದರೆ ನಾರಿನ ತುದಿಗಳಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕೊಡತಿಯ ಉಳಿಗೆ ಅದು ಬೇಡ.

ಅರಗು

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಚನ್ನಪಟ್ಟಣವನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿ.ಮೀ. ದೂರದ ಆ ಊರಿನ ಗೊಂಬೆಗಳಿಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಅನ್ನುವ ಭೌಗೋಳಿಕ ಗುರುತು ಇದೆ. ಗೊಂಬೆಯನ್ನು ಎಲ್ಲರೂ ನೋಡಿದ್ದೇವೆ. ಅದರ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ ಅನ್ನುವುದನ್ನು ಬಹಳ ಜನ ಗಮನಿಸಿರುವುದಿಲ್ಲ. ಲೇತ್ ತಿರುಗುತ್ತಿರುವಾಗಲೇ ಬಣ್ಣ ಮರಕ್ಕೆ ಕೂರುತ್ತದೆ.

ಅರಗು ಒಂದು ಸಣ್ಣ ಹುಳದಿಂದ ಬರುವ ರಾಳ. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆ ಕೊಂಬೆಗಳ ಮೇಲೆ ಆ ಹುಳ ಕೂತು ರಸ ಹೀರುತ್ತದೆ, ತನ್ನ ಸುತ್ತ ರಾಳ ಸುರಿಸಿಕೊಳ್ಳುತ್ತದೆ. ಅದನ್ನು ಕೊಂಬೆಯಿಂದ ಬಿಡಿಸಿ ಶುದ್ಧ ಮಾಡಿ, ಬಿಸಿಯಲ್ಲಿ ಮೆತ್ತಗೆ ಮಾಡಿ, ಬಣ್ಣ ಸೇರಿಸಿ ನಾದಿ ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ ಬಳಸುವ ರೂಢಿ ಉಂಟು. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ತಣ್ಣಗಾದರೆ ಗಟ್ಟಿ. ಈ ಒಂದು ಗುಣದ ಮೇಲೆ ಇಡೀ ಕಲೆ ನಿಂತಿದೆ. ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜುವ ಶಾಖಕ್ಕೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲಿಗೆ ಅದು ಗಂಟು ಗಂಟಾಗಿ ಕೂರುತ್ತದೆ. ಆಮೇಲೆ ತಾಳೆಗರಿ, ಅಂದರೆ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅರಗು ಮತ್ತೆ ಮೆತ್ತಗಾಗಿ ಸಮವಾಗಿ ಹರಡುತ್ತದೆ, ಹೊಳಪು ಬರುತ್ತದೆ.

ಚನ್ನಪಟ್ಟಣದವರ ಮರ ಆಲೆ ಮರ. ಬಿಳಿ, ನುಣುಪು, ನಾರು ಬಿಗಿ. ಬಿಳಿ ಮೈಯ ಮೇಲೆ ಅರಗಿನ ಬಣ್ಣ ಎದ್ದು ಕಾಣುತ್ತದೆ. ಆ ಮರದಲ್ಲಿ ಅರಕ್ಕೆ, ಕೊರೆಯುವ ದಬ್ಬಳಕ್ಕೆ, ಸ್ಕ್ರೂ ಡ್ರೈವರಿಗೆ ಸೊಗಸಾದ ಹಿಡಿ ಮಾಡಬಹುದು. ಕೊಡತಿಯ ಏಟಿಗೆ ಅದು ಮೆದು. ನಮ್ಮ ಉಳಿಗೆ ಮರ ಗಟ್ಟಿಯದೇ ಇರಲಿ, ಅರಗಿನ ಪಟ್ಟಿಗಳನ್ನು ಮಾತ್ರ ಚನ್ನಪಟ್ಟಣದಿಂದ ಕಲಿಯೋಣ. ಬಳೆಯ ಹಿಂದೆ ಒಂದು ಕೆಂಪು ಪಟ್ಟಿ, ಬುಡದ ಹತ್ತಿರ ಹಳದಿಯ ಎರಡು. ಪಟ್ಟಿಯ ಎರಡೂ ಪಕ್ಕ ಮೊದಲೇ ಸಣ್ಣ ಗೀರು ಹಾಕಿದ್ದರೆ ಬಣ್ಣದ ಅಂಚು ಚೊಕ್ಕವಾಗಿ ನಿಲ್ಲುತ್ತದೆ. ಗುಮ್ಮಟದ ನೆತ್ತಿಗೆ ಅರಗು ಬೇಡ, ಮೊದಲ ದಿನವೇ ಒಡೆಯುತ್ತದೆ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ ಅನ್ನುವುದೂ ನೆನಪಿರಲಿ.

ಅರಗು ಹಾಕುವ ಮುಂಚೆ ಉಪ್ಪು ಕಾಗದದ ಕೆಲಸ ಮುಗಿದಿರಬೇಕು. ಟೂಲ್ ರೆಸ್ಟ್ ತೆಗೆದಿಟ್ಟು 120, 180, 240, 320 ಅಂತ ನುಣುಪಿನ ಕಡೆಗೆ ಹೋಗಿ. ಒಂದೊಂದಾದ ಮೇಲೂ ಲೇತ್ ನಿಲ್ಲಿಸಿ ನಾರಿನ ಉದ್ದಕ್ಕೆ ಕೈಯಲ್ಲಿ ನಾಲ್ಕು ಸಲ ಉಜ್ಜಿದರೆ ಸುತ್ತು ಗೀರುಗಳು ಹೋಗುತ್ತವೆ. ಕೈ ಹಿಡಿಯುವ ನಡುಭಾಗಕ್ಕೆ ಅಗಸೆ ಎಣ್ಣೆ ಸಾಕು. ತೆಂಗಿನೆಣ್ಣೆ ಬೇಡ, ಅದು ಎಂದಿಗೂ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪದರವಾಗುತ್ತದೆ. ಹಾಗಾಗುವಾಗ ಶಾಖ ಬಿಡುತ್ತದೆ. ಅದಕ್ಕೇ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳುವ ಅಪಾಯ ಇದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ. ಎಣ್ಣೆಯನ್ನು ಅರಗಾದ ಮೇಲೆಯೇ ಹಚ್ಚಬೇಕು, ಎಣ್ಣೆ ಕುಡಿದ ಮರಕ್ಕೆ ಅರಗು ಅಂಟುವುದಿಲ್ಲ.

ಬುಡದ ಕಡೆ ಲೇತ್ ಹಲ್ಲು ಕಚ್ಚಿದ ತುಂಡನ್ನು ಪಾರ್ಟಿಂಗ್ ಟೂಲ್‌ನಿಂದ ಬೆರಳು ದಪ್ಪಕ್ಕೆ ಇಳಿಸಿ, ಲೇತ್ ನಿಲ್ಲಿಸಿ, ಗರಗಸದಿಂದ ಕೊಯ್ದು ಕೈಯಲ್ಲೇ ಗುಮ್ಮಟ ನುಣುಪು ಮಾಡಿ. ಈಗ ಉಳಿ ಹಾಕುವ ಹೊತ್ತು. ಅಲಗನ್ನು ವೈಸ್‌ನಲ್ಲಿ ಬಾಯಿ ಕೆಳಗೆ ಮಾಡಿ, ಎರಡು ಪಕ್ಕ ಮರದ ತುಂಡಿಟ್ಟು ಬಿಗಿದು ಕಟ್ಟಿ. ಹಿಡಿಯನ್ನು ಬಾಲಕ್ಕೆ ಕೈಯಿಂದ ಒತ್ತಿ ಕೂರಿಸಿ. ಉಳಿಯ ಭುಜಕ್ಕೂ (ಬಾಲ ಶುರುವಾಗುವ ಕಡೆಯ ಅಗಲವಾದ ಅಂಚು) ಬಳೆಗೂ ನಡುವೆ ಸುಮಾರು 1 ಸೆಂ.ಮೀ. ಅಂತರ ಉಳಿಯಬೇಕು. ಅದಕ್ಕಿಂತ ಜಾಸ್ತಿ ಉಳಿದರೆ ತೂತನ್ನು ಇನ್ನಷ್ಟು ಬಿಡಿಸಿ, ಬಲವಂತ ಬೇಡ. ಆಮೇಲೆ ಕೊಡತಿಯಿಂದ ಬುಡದ ಮೇಲೆ ಸಣ್ಣ ಸಣ್ಣ ಏಟು ಹಾಕಿ, ಎರಡೆರಡು ಏಟಿಗೊಮ್ಮೆ ಮುಂದಿನಿಂದಲೂ ಪಕ್ಕದಿಂದಲೂ ನೇರ ನೋಡಿ. ಏಟಿನ ಸದ್ದು ಮಂದವಾಗಿದ್ದದ್ದು ಗಟ್ಟಿಯಾಗಿ ಬದಲಾದರೆ ಭುಜ ಬಳೆಗೆ ಬಂದು ಕೂತಿದೆ ಅಂತ.

ಗುಂಡನೆಯ ಹಿಡಿ ಮೇಜಿನಿಂದ ಉರುಳಿ ಬೀಳುತ್ತದೆ, ಬಿದ್ದರೆ ಬಾಯಿಗೇ ಪೆಟ್ಟು. ಉಳಿಯ ಅಗಲದ ಮೈಗೆ ಸರಿಯಾಗಿ ಹಿಡಿಯ ನಡುವಿಗೆ ಒಂದು ಪಕ್ಕ ಹತ್ತರಿ ಹೊಡೆದು ಚಪ್ಪಟೆ ಪಟ್ಟಿ ತೆಗೆದರೆ ಉರುಳುವುದಿಲ್ಲ. ಕಣ್ಣು ಮುಚ್ಚಿ ಹಿಡಿದರೂ ಉಳಿಯ ಮುಖ ಯಾವ ಕಡೆ ಅನ್ನುವುದು ಕೈಗೆ ತಿಳಿಯುತ್ತದೆ. ಆ ಪಟ್ಟಿಗೆ ಮತ್ತೆ ಎಣ್ಣೆ ಹಚ್ಚಿ. ಮುಂದೆ ಚಳಿಗಾಲದ ಒಣಗಾಳಿಯಲ್ಲಿ ಬಳೆ ಒಂದಿಷ್ಟು ಸಡಿಲವಾದರೆ ಹಿಡಿ ಕೆಟ್ಟಿತು ಅಂದುಕೊಳ್ಳಬೇಡಿ. ಬಳೆಯ ಮೇಲೆ ಮೊಳೆಯ ಮೊನೆಯಿಂದ ಎದುರು ಬದುರು ಎರಡು ಸಣ್ಣ ಗುಂಡಿ ಬಡಿದರೆ ತಾಮ್ರ ಒಳಕ್ಕೆ ಬಾಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ.